ತಕ್ಕಡಿ ಹಿಡಿದವರನ್ನು ಆರಿಸುವವರು ಯಾರು?

ಚುನಾವಣೆಯಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ಕೇಳುವುದು ನಮಗೆಲ್ಲ ರೂಢಿ. ಅದನ್ನು ನಡೆಸಿದವರು ಯಾರು, ಅವರನ್ನು ಆ ಸ್ಥಾನದಲ್ಲಿ ಕುಳ್ಳಿರಿಸಿದವರು ಯಾರು ಎಂದು ಕೇಳುವವರು ವಿರಳ. ಸಂತೆಯಲ್ಲಿ ಸರಕನ್ನು ನೋಡಿದಷ್ಟು ಎಚ್ಚರದಿಂದ ನಾವು ತಕ್ಕಡಿಯನ್ನು ನೋಡುವುದಿಲ್ಲ. ಇಂದು ಆ ತಕ್ಕಡಿಯ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ‘ಸೆಕ್ರೆಟರಿ ಆಫ್ ಸ್ಟೇಟ್’ ಎಂಬ ಪದವಿಯನ್ನು ಜನರ ಮತದಿಂದಲೇ ತುಂಬುತ್ತಾರೆ. ಅವುಗಳಲ್ಲಿ ಬಹುಪಾಲು ರಾಜ್ಯಗಳ ಚುನಾವಣೆಗಳಿಗೆ ಮುಖ್ಯಾಧಿಕಾರಿ ಇವರೇ. ಎಂದರೆ, ಫಲಿತಾಂಶವನ್ನು ದೃಢೀಕರಿಸತಕ್ಕವರು ತಾವೇ ಪಕ್ಷವೊಂದರ ಹುರಿಯಾಳಾಗಿ ನಿಂತು, ರಾಜ್ಯವನ್ನೆಲ್ಲ ಸುತ್ತಿ ಮತ ಯಾಚಿಸಿ ಬಂದವರು. 2000ನೆಯ ಇಸವಿಯಲ್ಲಿ ಫ್ಲಾರಿಡಾದಲ್ಲಿ ಅಧ್ಯಕ್ಷ ಪದವಿಯ ಫಲಿತಾಂಶ 537 ಮತಗಳ ಅಂತರದಲ್ಲಿ ತೂಗಾಡಿತು. ಅದನ್ನು ದೃಢೀಕರಿಸಿದ ಕ್ಯಾಥರಿನ್ ಹ್ಯಾರಿಸ್, ಗೆದ್ದ ಜಾರ್ಜ್ ಬುಷ್ ಅವರ ಆ ರಾಜ್ಯದ ಪ್ರಚಾರಕ್ಕೆ ಸಹ-ಅಧ್ಯಕ್ಷರಾಗಿದ್ದವರು. ಅವರು ಕಾನೂನಿನಂತೆ ನಡೆದಿರಬಹುದು. ಆದರೆ ಸೋತವರಿಗೆ ನಂಬಿಕೆ ಹುಟ್ಟುವುದೆಂತು?

ಹಾಗೆಂದು ಪಕ್ಷದಿಂದ ಬಂದವರೆಲ್ಲ ಪಕ್ಷಪಾತಿಗಳೆನ್ನುವುದೂ ಸಲ್ಲದು. 2021ರ ಜನವರಿ 2ರಂದು ಅಧ್ಯಕ್ಷ ಟ್ರಂಪ್ ಜಾರ್ಜಿಯಾ ರಾಜ್ಯದಲ್ಲಿ ಇದೇ ಪದವಿಯಲ್ಲಿದ್ದ ಬ್ರ್ಯಾಡ್ ರಾಫೆನ್ಸ್‌ಪರ್ಗರ್ ಅವರಿಗೆ ದೂರವಾಣಿ ಮಾಡಿ, ತಮಗೆ 11,780 ಮತಗಳನ್ನು ಹುಡುಕಿಕೊಡಬೇಕೆಂದರು. ಇಬ್ಬರದೂ ಒಂದೇ ಪಕ್ಷ. ಆದರೂ ಆತ ಒಪ್ಪಲಿಲ್ಲ. ಮರುವರ್ಷ ಜನ ಅವರನ್ನು ಮತ್ತೆ ಆರಿಸಿದರು. ಆದುದರಿಂದ, ಮನುಷ್ಯ ಗಟ್ಟಿಯಾಗಿದ್ದರೆ ಕೆಟ್ಟ ಏರ್ಪಾಡೂ ಉಳಿದೀತು. ಆದರೆ ಪ್ರತಿಸಲವೂ ಗಟ್ಟಿ ಮನುಷ್ಯನೇ ದೊರೆಯುತ್ತಾನೆಂದು ನಂಬಿ ಏರ್ಪಾಡುಗಳನ್ನು ಕಟ್ಟಲಾಗದು.

ನಮ್ಮ ಹಿರಿಯರು ಬೇರೆ ದಾರಿ ಹಿಡಿದರು. ರಾಜ್ಯಗಳಿಗೆ ಪ್ರತ್ಯೇಕ ಆಯೋಗಗಳಿರಬೇಕೆಂಬುದು ಸಂವಿಧಾನದ ಕರಡಿನಲ್ಲಿದ್ದ ಮೊದಲ ಯೋಚನೆ. 1949ರ ಜೂನ್ 15ರಂದು ಅಂಬೇಡ್ಕರರು ಅದನ್ನು ಬದಲಿಸಿ, ಇಡೀ ದೇಶಕ್ಕೆ ಒಂದೇ ಆಯೋಗವನ್ನು ಸೂಚಿಸಿದರು. ಕಾರಣವನ್ನೂ ಹೇಳಿದರು: ಕೆಲವು ಪ್ರಾಂತಗಳಲ್ಲಿ ಕುಲದಿಂದ, ಸಂಸ್ಕೃತಿಯಿಂದ, ಭಾಷೆಯಿಂದ ಬೇರೆಯಾದವರನ್ನು ಮತದಾರರ ಪಟ್ಟಿಯಿಂದ ಹೊರಗಿಡುತ್ತಿದ್ದಾರೆಂಬ ದೂರುಗಳು ಬಂದಿದ್ದವು. ಈ ಮಾತಿನ ಅರ್ಥ ತಿಳಿಯಲು ನಾವು ದೂರ ಹೋಗಬೇಕಿಲ್ಲ, ಶಿವಮೊಗ್ಗದಿಂದ ಭದ್ರಾವತಿಗೆ ಹೋದರೆ ಸಾಕು. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ ಮೇಲೆ, ದುಡಿಮೆಯನ್ನರಸಿ ಬಂದ ತಮಿಳರು, ತೆಲುಗರು, ಉರ್ದು ಮಾತಿನವರು, ಮರಾಠಿಗರು ಕನ್ನಡಿಗರೊಡನೆ ಅಲ್ಲಿ ನೆಲೆ ನಿಂತರು. ಪಟ್ಟಿ ಬರೆಯುವ ಕೈ ಸ್ಥಳೀಯ ಪ್ರಭುಗಳ ಅಂಕೆಯಲ್ಲಿದ್ದರೆ, ಇಂಥ ಊರಿನ ಎಷ್ಟು ಬೀದಿಗಳು ಪಟ್ಟಿಯಿಂದ ಜಾರಿಹೋಗಬಹುದೆಂದು ಊಹಿಸಿನೋಡಿ.

ಆದುದರಿಂದಲೇ ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಗೆ ನಾವು ಮತ ಹಾಕುವುದಿಲ್ಲ. ರಾಜ್ಯ ಸರ್ಕಾರದೊಡನೆ ಸಮಾಲೋಚಿಸಿ, ಭಾರತದ ಚುನಾವಣಾ ಆಯೋಗವೇ ಅವರನ್ನು ನಿಯುಕ್ತಗೊಳಿಸುತ್ತದೆ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳೇ ಜಿಲ್ಲಾ ಚುನಾವಣಾಧಿಕಾರಿಗಳು. ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಫಲಿತಾಂಶದವರೆಗೆ ಚುನಾವಣೆಯ ಕೆಲಸದಲ್ಲಿರುವ ಅಧಿಕಾರಿಗಳು ಆಯೋಗದ ಶಿಸ್ತಿಗೆ ಒಳಪಟ್ಟವರು.

ಇಲ್ಲೊಂದು ಗೊಂದಲವನ್ನು ನಿವಾರಿಸಬೇಕು. ಲೋಕಸಭೆ, ವಿಧಾನಸಭೆಗಳ ಚುನಾವಣೆ ಇವರ ಹೊಣೆ. ಶಿವಮೊಗ್ಗದ ಮಹಾನಗರಪಾಲಿಕೆ, ಭದ್ರಾವತಿಯ ನಗರಸಭೆ, ಗ್ರಾಮ ಪಂಚಾಯಿತಿಗಳ ಚುನಾವಣೆ ಇವರದಲ್ಲ. ಅದು ರಾಜ್ಯ ಚುನಾವಣಾ ಆಯೋಗದ್ದು. ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದಾಗ ಹುಟ್ಟಿದ ಸಂಸ್ಥೆ ಅದು. ಅದರ ಆಯುಕ್ತರನ್ನು ರಾಜ್ಯಪಾಲರು ನೇಮಿಸುತ್ತಾರೆ. ಉಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆಯುವ ಕ್ರಮದಿಂದಲ್ಲದೆ ಅವರನ್ನು ತೆಗೆಯಲಾಗದು.

ನೇಮಕದ ದಾರಿ ನಿರ್ದುಷ್ಟವೇ? ಅಲ್ಲ. ನೇಮಿಸುವವರು ಯಾರೆಂಬ ಪ್ರಶ್ನೆ ಅಲ್ಲಿಯೂ ಬೆನ್ನು ಬಿಡದು. ಕೇಂದ್ರದ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಪ್ರಧಾನಿ, ವಿರೋಧ ಪಕ್ಷದ ನಾಯಕರು, ಭಾರತದ ಮುಖ್ಯ ನ್ಯಾಯಮೂರ್ತಿಗಳು ಇರಬೇಕು, ಸಂಸತ್ತು ಕಾನೂನು ಮಾಡುವವರೆಗೆ ಇದೇ ನಡೆಯಲಿ ಎಂದು 2023ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದೇ ವರ್ಷ ಸಂಸತ್ತು ಮಾಡಿದ ಕಾನೂನಿನಲ್ಲಿ ನ್ಯಾಯಮೂರ್ತಿಗಳ ಸ್ಥಾನಕ್ಕೆ ಪ್ರಧಾನಿ ಸೂಚಿಸುವ ಸಚಿವರು ಬಂದರು. ಮೂವರಲ್ಲಿ ಇಬ್ಬರು ಆಳುವ ಪಕ್ಷದವರೇ ಆದರು. ಇತ್ತ ನಮ್ಮ ರಾಜ್ಯದಲ್ಲಿ, 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2024 ಕಳೆದರೂ ಚುನಾವಣೆ ನಡೆದಿರಲಿಲ್ಲ. ಕ್ಷೇತ್ರಗಳ ಗಡಿ ಗುರುತಿಸುವ ಅಧಿಕಾರವನ್ನು 2021ರಲ್ಲಿಯೇ ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಗಿತ್ತು. ತಕ್ಕಡಿಯನ್ನು ಒಬ್ಬರ ಕೈಗಿತ್ತು, ತೂಕದ ಬಟ್ಟುಗಳನ್ನು ಮತ್ತೊಬ್ಬರು ಇಟ್ಟುಕೊಂಡಂತಾಯಿತು.

ಅಧ್ಯಾಪಕನಾಗಿದ್ದಾಗ ನಾನು ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕೆಲಸ ಮಾಡಿದ್ದುಂಟು. ಬೆಳಿಗ್ಗೆ ಎಲ್ಲ ಪಕ್ಷಗಳ ಏಜೆಂಟರ ಮುಂದೆ ಖಾಲಿ ಪೆಟ್ಟಿಗೆಯನ್ನು ತೆರೆದು ತೋರಿಸಿ, ಬಳಿಕ ಮೊಹರು ಮಾಡಬೇಕಿತ್ತು. ಈ ಸಂಸ್ಕಾರ ಹಳೆಯದು. ಸುಮಾರು ಕ್ರಿ.ಶ. 920ರ ಉತ್ತರಮೇರೂರಿನ ಚೋಳ ಶಾಸನದಲ್ಲಿ, ಹೆಸರು ಬರೆದ ಓಲೆಗಳನ್ನು ಗಡಿಗೆಗೆ ಹಾಕಿ, ಏನೂ ಅರಿಯದ ಬಾಲಕನಿಂದ ಒಂದೊಂದನ್ನೇ ಎತ್ತಿಸುವ ಕ್ರಮವಿದೆ. ಆ ಓಲೆಯನ್ನು ಪಡೆಯುವ ಮಧ್ಯಸ್ಥ ಐದೂ ಬೆರಳು ಬಿಡಿಸಿದ ಅಂಗೈಯಲ್ಲಿಯೇ ಅದನ್ನು ತೆಗೆದುಕೊಳ್ಳತಕ್ಕದ್ದು ಎಂಬುದು ಅಲ್ಲಿಯ ಕಟ್ಟಳೆ. ಆತ ಸಜ್ಜನನೋ ಅಲ್ಲವೋ ಎಂಬ ಚರ್ಚೆಗೆ ಶಾಸನ ಕೈಹಾಕಲಿಲ್ಲ. ಅಂಗೈ ಎಲ್ಲರಿಗೂ ಕಾಣಲಿ ಎಂದಿತು.

ಚುನಾವಣಾಧಿಕಾರಿ ಆರಿಸಿಬಂದವರೋ ನೇಮಕಗೊಂಡವರೋ ಎಂಬುದು ಮೊದಲ ಪ್ರಶ್ನೆಯಷ್ಟೆ. ಅವರ ಕೈ ಆಳುವವರ ಕೈಯಿಂದ ಎಷ್ಟು ದೂರವಿದೆ, ಆ ಅಂಗೈ ನಮಗೆ ಎಷ್ಟು ಕಾಣುತ್ತದೆ ಎಂಬುದೇ ಮುಖ್ಯ. ಕಾಣಬೇಕಾದರೆ ನೋಡುವವರೂ ಇರಬೇಕು. ಮತದಾರರ ಪಟ್ಟಿಯ ಕರಡು ಪ್ರಕಟವಾದಾಗ ನಮ್ಮ ಹೆಸರಿನ ಜೊತೆಗೆ ಪಕ್ಕದ ಮನೆಯವರ ಹೆಸರನ್ನೂ ಹುಡುಕಿನೋಡೋಣ. ಬಿಟ್ಟುಹೋಗಿದ್ದರೆ ಗಡುವಿನೊಳಗೆ ಅರ್ಜಿ ಕೊಡಿಸೋಣ. ಪಕ್ಕದ ಮನೆಯವರ ಮಾತು ಬೇರೆಯಾಗಿದ್ದರಂತೂ ತಪ್ಪದೆ ನೋಡೋಣ.