ಎರೆಯ ಹದವೂ ಅದರ ವಿದ್ಯುನ್ಮಾಪನವೂ

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಒಕ್ಕಲಿಗನು ಬಿತ್ತನೆಯ ಕಾಲವನ್ನು ‘ಹದ’ವೆಂಬ ಒಂದೇ ಮಾತಿನಿಂದ ನಿಶ್ಚಯಿಸುವನು. ಹದವೆಂದರೆ ಮಣ್ಣಿನಲ್ಲಿರುವ ನೀರಿನ ಮೊತ್ತವಲ್ಲ. ಬೀಜಕ್ಕೂ ಬೇರಿಗೂ ದಕ್ಕುವ ನೀರು. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಬಹುಮಟ್ಟಿಗೆ ಎರೆಯೊಳಗೆ ನಿಂತ ತೇವದಿಂದಲೇ ಬೆಳೆಯುವುದರಿಂದ ಈ ಎಣಿಕೆ ತಪ್ಪಿದರೆ ಬೀಜವೂ ವರುಷವೂ ವ್ಯರ್ಥ. ಇದನ್ನು ಯಂತ್ರದಿಂದ ಅಳೆಯುವ ಮಾರ್ಗವುಂಟು. ಅದನ್ನು ಎರೆಯಲ್ಲಿ ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಇಲ್ಲಿಯ ವಿಚಾರ.

ವಿದ್ಯುತ್ತು ಸುಲಭವಾಗಿ ಹರಿಯದ ಪದಾರ್ಥವೂ ವಿದ್ಯುತ್ಕ್ಷೇತ್ರಕ್ಕೆ ಒಳಗೊಳಗೇ ಮಣಿದು ಶಕ್ತಿಯನ್ನು ಕೂಡಿಟ್ಟುಕೊಳ್ಳುವುದು. ಈ ಗುಣದ ಪ್ರಮಾಣಕ್ಕೆ ಪರಾವೈದ್ಯುತಾಂಕವೆಂದು ಹೆಸರು. ಗಾಳಿಗೆ ಅದು ಸುಮಾರು 1, ಒಣಮಣ್ಣಿಗೆ 3ರಿಂದ 5, ನೀರಿಗಾದರೋ 80. ಈ ಅಂತರವೇ ಅಳತೆಗೆ ಆಧಾರ. 1980ರಲ್ಲಿ ಟಾಪ್, ಡೇವಿಸ್, ಅನ್ನಾನ್ ಎಂಬ ಮೂವರು ಇವೆರಡರ ಸಂಬಂಧವನ್ನು ಒಂದು ಸಮೀಕರಣದಲ್ಲಿ ನಿರೂಪಿಸಿದರು. ಅದರಂತೆ ಅಂಕವು 10 ಆದರೆ ಮಣ್ಣಿನ ಗಾತ್ರದಲ್ಲಿ ನೂರಕ್ಕೆ ಸುಮಾರು 20 ಪಾಲು ನೀರು. 25 ಆದರೆ 40 ಪಾಲು.

ಮರಳು ಬೆರೆತ ಮಸಾರಿಗೆ ಈ ಲೆಕ್ಕ ಚೆನ್ನಾಗಿ ಒಗ್ಗುವುದು. ಎರೆಗೆ ಹಾಗಲ್ಲ. ಎರೆಯ ಜಿಗಟಿಗೆ ಕಾರಣವಾದ ಮಾಂಟ್‌ಮೊರಿಲ್ಲೊನೈಟ್ ಖನಿಜವು ಪದರುಪದರಾದದ್ದು. ಅದರ ಒಂದು ಗ್ರಾಮಿನ ಒಳಮೈ ಹೊರಮೈಗಳನ್ನು ಕೂಡಿಸಿದರೆ 700 ಚದರ ಮೀಟರಿಗೂ ಮಿಕ್ಕುವುದು. ಆ ಮೈಗೆ ಅಂಟಿದ ನೀರಿನ ಅಣುಗಳು ಕ್ಷೇತ್ರದೊಡನೆ ಸ್ವೇಚ್ಛೆಯಾಗಿ ತಿರುಗಲಾರವು. ಆದುದರಿಂದ ಅಧಿಕ ಆವೃತ್ತಿಯ ಉಪಕರಣವು ಇಂಥ ನೀರನ್ನು ಕಡಿಮೆಯಾಗಿ ಎಣಿಸುವುದು. ಬಿಗಿಯಾಗಿ ಅಂಟಿದ ಆ ನೀರು ಬೇರಿಗೂ ದಕ್ಕದು. ಇಷ್ಟರಮಟ್ಟಿಗೆ ಯಂತ್ರದ ತಪ್ಪು ಒಕ್ಕಲಿಗನ ಹದಕ್ಕೆ ಸಮೀಪವಾದುದೆಂಬುದು ವಿನೋದ.

ಕಡಿಮೆ ಆವೃತ್ತಿಯಲ್ಲಿ ದೋಷವು ತಿರುಗುಮುರುಗಾಗುವುದು. ಕ್ಷೇತ್ರವು ನಿಧಾನವಾಗಿ ತೂಗಿದಾಗ ಲವಣದ ಅಯಾನುಗಳಿಗೆ ಚಲಿಸಲು ಅವಕಾಶ ದೊರೆತು, ಕಣಗಳ ಅಂಚಿನಲ್ಲಿ ಆವೇಶ ಸೇರಿ, ಕಿಲೋಹರ್ಟ್ಸ್ ಮಟ್ಟದಲ್ಲಿ ಅಂಕವು ನೀರಿನ 80ನ್ನೂ ಮೀರಿ ಏರಬಹುದು. ಮಲಪ್ರಭೆಯ ಕಾಲುವೆಯ ಕೆಳಗೆ ಸವಳೇರಿದ ಹೊಲಗಳಲ್ಲಿ ಈ ಭ್ರಾಂತಿ ಇನ್ನೂ ಹೆಚ್ಚು. ಇತ್ತ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 17 ಗಿಗಾಹರ್ಟ್ಸಿನ ಸುತ್ತ ಸ್ವತಂತ್ರವಾದ ನೀರೂ ಕ್ಷೇತ್ರದ ವೇಗಕ್ಕೆ ಹಿಂದೆ ಬೀಳುವುದು. ಹೀಗೆ ಒಂದೇ ಆವೃತ್ತಿಯ ಅಂಕದಿಂದ ಲವಣ, ಅಂಟಿದ ನೀರು, ಬಿಡಿ ನೀರು ಇವುಗಳನ್ನು ಬೇರ್ಪಡಿಸಲಾಗದು. ಕಿಲೋಹರ್ಟ್ಸಿನಿಂದ ಗಿಗಾಹರ್ಟ್ಸಿನವರೆಗೂ ಅಳೆಯಬೇಕಾಗುವುದು. ಕೆಳಗಿನ ಆವೃತ್ತಿಗಳಿಗೆ ಸಮಾನಾಂತರ ಫಲಕಗಳೂ, ಮೇಲಿನವುಗಳಿಗೆ ಒಂದರೊಳಗೊಂದಿರುವ ಲೋಹದ ಕೊಳವೆಗಳೂ ಉಪಯುಕ್ತ. ಅದೇ ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, ನೀರಿನ ನಿಜವಾದ ಮೊತ್ತವನ್ನು ಬೇರೆಯಾಗಿ ತಿಳಿಯತಕ್ಕದ್ದು.

ಹೊಲದಲ್ಲಿ ಮತ್ತೊಂದು ತೊಡಕು. ಎರೆಯು ಒಣಗಿದಂತೆ ಕುಗ್ಗಿ ಬಿರಿಯುವುದರಿಂದ, ನೆಟ್ಟ ಸಲಾಕೆಗೂ ಮಣ್ಣಿಗೂ ನಡುವೆ ಗಾಳಿ ಸೇರಿ ಅಂಕವು ಇಳಿದುಬಿಡುವುದು. ಜುಲೈ 2025ರಲ್ಲಿ ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಉಪಗ್ರಹಕ್ಕೆ ಸಲಾಕೆಯ ಹಂಗಿಲ್ಲ; ಆದರೆ ತೇವವುಳ್ಳ ಎರೆಯಲ್ಲಿ ಅದರ ತರಂಗಗಳು ಮೇಲಿನ ಕೆಲವೇ ಸೆಂಟಿಮೀಟರುಗಳ ಸುದ್ದಿಯನ್ನು ತರಬಲ್ಲವು, ಜೋಳದ ಬೇರಿನ ಆಳದ್ದನ್ನಲ್ಲ.