ತರಕಾರಿಗೆ ಹೊಡೆದ ಔಷಧಿ ಕೊಳವೆ ಬಾವಿಗೆ ಸೇರುವ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನ ಜೊತೆಗೆ ಟೊಮೇಟೊ, ಬದನೆ, ಹುರುಳಿಕಾಯಿ ಬೆಳೆಯುವ ರೈತ ಬಾಂಧವರಿದ್ದಾರೆ. ತೋಟಕ್ಕೆ ಹರಿಸುವ ಕೊಳವೆ ಬಾವಿಯ ನೀರನ್ನೇ ಮನೆಯವರು ಕುಡಿಯುವುದೂ ದನಕರುಗಳಿಗೆ ಕುಡಿಸುವುದೂ ಉಂಟು. ಆದುದರಿಂದ ಸಿಂಪಡಿಸಿದ ಕೀಟನಾಶಕ ಈ ನೀರಿಗೆ ಸೇರುವ ದಾರಿಗಳನ್ನು ಅರಿತಿರುವುದು ಅವಶ್ಯ.

ಔಷಧಿ ಹೊಲದ ಮಣ್ಣಿನ ಮೂಲಕ ಇಳಿಯುತ್ತದೆಂದು ಸಾಮಾನ್ಯ ತಿಳುವಳಿಕೆ. ಅದೂ ನಿಜವೇ. ಆದರೆ ಅದಕ್ಕಿಂತ ಹತ್ತಿರದ ದಾರಿ ಬೋರಿನ ಬಾಯಲ್ಲೇ ಇದೆ. ಔಷಧಿ ಬೆರೆಸಿದ ಡ್ರಮ್ಮಿನೊಳಗೆ ಪೈಪಿನ ತುದಿ ಮುಳುಗಿಸಿ ನೀರು ತುಂಬುತ್ತಿರುವಾಗ ಕರೆಂಟು ಹೋಯಿತೆನ್ನಿ. ಪಂಪಿನ ನಾನ್‌ರಿಟರ್ನ್ ವಾಲ್ವ್ ಸವೆದಿದ್ದರೆ ಪೈಪಿನಲ್ಲಿರುವ ನೀರು ಹಿಂದಕ್ಕೆ ಜಾರುತ್ತದೆ. ಅದರ ಬೆನ್ನಿಗೇ ಡ್ರಮ್ಮಿನ ದ್ರಾವಣವೂ ಬಾವಿಗೆ ಇಳಿಯುತ್ತದೆ. ಕರೆಂಟು ಹೋಗಿ ಬರುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲವಷ್ಟೆ! ಮೊದಲು ನೀರು ತುಂಬಿ, ಪೈಪು ತೆಗೆದ ಮೇಲೆ ಬೋರಿನಿಂದ ದೂರದಲ್ಲಿ ಔಷಧಿ ಬೆರೆಸಬೇಕು. ತುಂಬುವಾಗಲೂ ಪೈಪಿನ ತುದಿ ಡ್ರಮ್ಮಿನ ಅಂಚಿಗಿಂತ ಒಂದು ಗೇಣು ಮೇಲಿರಲಿ.

ತುಸು ಚೆಲ್ಲಿದರೇನಂತೆ ಎನ್ನುವವರು ಈ ಲೆಕ್ಕ ನೋಡಬೇಕು. 2012ರ ಭಾರತೀಯ ಮಾನಕದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಮಾನೋಕ್ರೋಟೋಫಾಸ್ 1 ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು, ಮೀರಕೂಡದು. ಶೇ. 36ರ ಔಷಧಿಯ 1 ಮಿ.ಲೀ.ನಲ್ಲಿ ಸುಮಾರು 0.36 ಗ್ರಾಂ ವಿಷವಿದೆ. ಇಷ್ಟೇ ಸಾಕು, 3.6 ಲಕ್ಷ ಲೀಟರ್ ನೀರು, ಎಂದರೆ 6,000 ಲೀಟರಿನ 60 ಟ್ಯಾಂಕರ್ ನೀರು, ಆ ಮಿತಿಯನ್ನು ಮುಟ್ಟುತ್ತದೆ. ಇದು ನೀರಿನಲ್ಲಿ ಪೂರ್ತಿ ಕರಗುವಂಥದು. ಮಣ್ಣಿಗೆ ಅಂಟುವುದು ಕಡಿಮೆ. ತೆಂಗಿನ ಕಪ್ಪುತಲೆ ಹುಳುವಿನ ಹತೋಟಿಗೆ ಬೇರಿನ ಮೂಲಕ ಉಣಿಸುತ್ತಿದ್ದುದು ಇದನ್ನೇ. 2023ರಲ್ಲಿ ಕೇಂದ್ರ ಸರ್ಕಾರ ಶೇ. 36ರ ಈ ಔಷಧಿಯನ್ನು ನಿಷೇಧಿಸಿತು. ಹಳೆಯ ಶೀಸೆ ಮನೆಯಲ್ಲಿ ಉಳಿದಿದ್ದರೆ ಬಳಸಬೇಡಿ, ಹಳ್ಳಕ್ಕೆ ಸುರಿಯಲೂ ಬೇಡಿ; ಮುಚ್ಚಳ ಬಿಗಿದು ಬೀಗದೊಳಗಿಟ್ಟು ಕೃಷಿ ಅಧಿಕಾರಿಗಳಿಗೆ ತಿಳಿಸಿ.

ಕ್ಲೋರ್‌ಪೈರಿಫಾಸಿನಂಥವು ಮಣ್ಣಿನ ಕಣಕ್ಕೆ ಅಂಟಿ, ಮಳೆಯ ಗೋಡಿನೊಡನೆ ಕೆರೆ ಸೇರುತ್ತವೆ. ಸೈಪರ್‌ಮೆಥ್ರಿನ್ ಅತ್ಯಲ್ಪವಾದರೂ ಮೀನಿಗೆ ಮಾರಕ. ಮಳೆಯ ಮೋಡವಿರುವಾಗ ಸಿಂಪಡಿಸದಿರಿ.

ಇಳಿಜಾರಿನ ನೀರು ಏನು ಮಾಡಬಲ್ಲದೆಂಬುದಕ್ಕೆ ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮವನ್ನು ನೆನೆಯಬೇಕು. ಅಲ್ಲಿ ಗುಡ್ಡದ ಮೇಲಿನ ಗೇರು ತೋಪುಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗಿನ ಮನೆಗಳಿಗೆ ಆ ಗುಡ್ಡದ ತೋಡು, ಸುರಂಗಗಳೇ ನೀರಿನಾಸರೆ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಆ ಔಷಧಿಯನ್ನು ದೇಶದಾದ್ಯಂತ ತಡೆಯಿತು.

ನಮ್ಮಲ್ಲಿ ಬೋರಿನ ಪಕ್ಕ ಇಂಗುಗುಂಡಿ ಮಾಡುವವರು ಈ ಇಳಿಜಾರನ್ನು ಗಮನಿಸಬೇಕು. ಗುಂಡಿ ಒಳ್ಳೆಯದೇ, ಆದರೆ ತರಕಾರಿ ತಾಕಿನ ನೀರನ್ನು ಅದಕ್ಕೆ ತಿರುಗಿಸಕೂಡದು. ಜಲ್ಲಿ, ಮರಳು ಗೋಡನ್ನು ತಡೆಯುತ್ತವೆ, ಕರಗಿದ ವಿಷವನ್ನಲ್ಲ. ಮನೆಯ ಚಾವಣಿಯ ನೀರನ್ನು ಬಿಡಿ.

ಖಾಲಿ ಶೀಸೆಯನ್ನು ಮೂರು ಬಾರಿ ಕುಲುಕಿ ತೊಳೆದು ಆ ನೀರನ್ನು ಸ್ಪ್ರೇಯರಿಗೇ ಸುರಿಯಿರಿ, ಬಳಿಕ ಶೀಸೆಗೆ ತೂತು ಮಾಡಿ. ಸ್ಪ್ರೇಯರ್ ತೊಳೆದ ನೀರನ್ನೂ ಅದೇ ಬೆಳೆಗೆ ಹೊಡೆದು ಮುಗಿಸಿ. ತೊಟ್ಟಿಯ ಬಳಿ ತೊಳೆಯುವುದು ಬೇಡ. ಸಂಜೆ ದನಗಳು ನೀರು ಕುಡಿಯುವುದು ಅಲ್ಲೇ.