ಮುಕ್ತ್ಯಾರುನಾಮೆಯೋ, ಟ್ರಸ್ಟೋ?

ವಯಸ್ಸಾದ ಕೃಷಿಕರು ಮಗನಿಗೊಂದು ಮುಕ್ತ್ಯಾರುನಾಮೆ, ಅಂದರೆ ಜಿಪಿಎ, ಬರೆದುಕೊಟ್ಟು 'ಇನ್ನು ಚಿಂತೆ ಇಲ್ಲ' ಎನ್ನುವುದನ್ನು ನಮ್ಮೂರಲ್ಲಿ ಬಹಳ ಕಂಡಿದ್ದೇನೆ. ಅದರ ಆಯುಷ್ಯ ಎಷ್ಟು ಅಂತ ಕೇಳುವವರು ಕಡಿಮೆ.

ಮುಕ್ತ್ಯಾರುನಾಮೆ ನಮ್ಮ ಪರವಾಗಿ ಓಡಾಡಲು ಕೊಡುವ ಅಧಿಕಾರ, ಜಾಗದ ಹಕ್ಕಲ್ಲ. ತಾಲೂಕು ಕಚೇರಿ, ಬ್ಯಾಂಕಿನ ಕೆಲಸಕ್ಕೆ ಒಳ್ಳೆಯದೇ. ಆದರೆ ಬರೆದವರು ತೀರಿಕೊಂಡರೆ ಸಾಮಾನ್ಯವಾಗಿ ಅದೂ ಮುಗೀತು. ಬುದ್ಧಿ ಸ್ವಾಧೀನ ತಪ್ಪಿದರೂ ಅಷ್ಟೇ (1872ರ ಕರಾರು ಕಾಯಿದೆ, ಸೆಕ್ಷನ್ 201). ಮರೆವಿನ ಕಾಯಿಲೆ ಬಂದು, ಬೇಕೇ ಬೇಕು ಎನ್ನುವ ಹೊತ್ತಿಗೇ ಕೈಕೊಡುತ್ತದೆ! ಬರೀ ಜಿಪಿಎ ಮೇಲೆ ನಡೆದ ಮಾರಾಟದಿಂದ ಹಕ್ಕು ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಟ್ರಸ್ಟಿನ ದಾರಿ ಬೇರೆ. ನೋಂದಾಯಿತ ಪತ್ರದ ಮೂಲಕ ಆಸ್ತಿಯನ್ನು ಟ್ರಸ್ಟಿಗಳ ಕೈಗೊಪ್ಪಿಸಬೇಕು. ನಾವು ಹೋದ ಮೇಲೂ ಅದು ನಡೆಯುತ್ತದೆ. ನಮ್ಮ ನೆರೆಯವರಿಗೆ ಬುದ್ಧಿಮಾಂದ್ಯ ಮಗಳಿದ್ದಾಳೆ. ತಂದೆತಾಯಿಯ ನಂತರ ತೋಟದ ಆದಾಯ ಅವಳ ಊಟ, ಮದ್ದಿಗೇ ಸಲ್ಲಬೇಕಾದರೆ ಟ್ರಸ್ಟ್ ಸರಿ. ಆದರೆ ಪತ್ರದಲ್ಲಿ ರದ್ದತಿಯ ಹಕ್ಕು ಇಟ್ಟುಕೊಳ್ಳದಿದ್ದರೆ ಕೊಟ್ಟದ್ದು ವಾಪಸು ಸಿಗುವುದು ಕಷ್ಟ. ಬದುಕಿರುವಷ್ಟು ದಿನ ಆಸ್ತಿ ನಮ್ಮ ಕೈಯಲ್ಲೇ ಇರಲಿ ಎನ್ನುವವರು ವೀಲುನಾಮೆಯಲ್ಲೇ ಟ್ರಸ್ಟಿನ ಏರ್ಪಾಡು ಬರೆಯಬಹುದು.

ಅಂಥ ತೊಂದರೆ ಇಲ್ಲದ ಎರಡು-ಮೂರು ಎಕರೆಯವರಿಗೆ ಬರೀ ವೀಲುನಾಮೆ ಸಾಕು ಅಂತ ನನ್ನ ಅಭಿಪ್ರಾಯ. ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. ಛಾಪಾಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಕ್ಷೇಮ. ನೆನಪಿಡಿ: ನಮ್ಮ ಪಾಲನ್ನು ಮಾತ್ರ ಬರೆಯಬಹುದು. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿಯಂತೆ ಹೆಣ್ಮಕ್ಕಳಿಗೂ ಸಮಪಾಲು ಉಂಟು.

ಯಾವುದೇ ಇರಲಿ, ಆರ್‌ಟಿಸಿ ಹಿಡಿದುಕೊಂಡು ವಕೀಲರಲ್ಲಿ ಒಮ್ಮೆ ಕೇಳಿ. ಬುದ್ಧಿ, ಕೈ ಎರಡೂ ಗಟ್ಟಿ ಇರುವಾಗಲೇ ಬರೆದಿಡಿ.